ಒದ್ದೆ ಎಲೆಗಳ ಕೆಳಗೊಂದು ಜಿಪಿಎಸ್

ಪಶ್ಚಿಮಘಟ್ಟದಲ್ಲಿ ನಡೆಯಲು ಜಿಪಿಎಸ್ ಕೊಳ್ಳಬೇಕೆನ್ನುವವರು ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಎಷ್ಟು ಮೀಟರಿನವರೆಗೆ ಕರಾರುವಾಕ್ಕು? ಡಬ್ಬದ ಮೇಲೆ ಅಚ್ಚಾಗಿರುವ ಆ ಅಂಕಿ ತಲೆಯ ಮೇಲೆ ಆಕಾಶ ಪೂರ್ತಿ ತೆರೆದಿರುವಾಗ ಸಿಗುವಂಥದ್ದು. ನಮ್ಮ ಘಟ್ಟದಲ್ಲಿ ಅಂಥ ಆಕಾಶವಿರುವುದು ಬ್ಯಾಣದಲ್ಲಿ, ಬಂಡೆಯ ನೆತ್ತಿಯಲ್ಲಿ. ಉಳಿದಂತೆ ನಾವು ನಡೆಯುವುದೆಲ್ಲ ಎಲೆಯ ಕೆಳಗೆ. ಮಳೆ ನಿಂತು ಎಷ್ಟೋ ಹೊತ್ತಾದ ಮೇಲೂ ತೊಟ್ಟಿಕ್ಕುವ ಶೋಲೆಕಾಡಿನೊಳಗೆ ಉಪಗ್ರಹದ ಸಂಕೇತ ಸಿಗುತ್ತದೆಯೇ? ಒದ್ದೆ ಕೈಯಲ್ಲಿ ಇದರ ಗುಂಡಿ ಒತ್ತಬಹುದೇ? ಎರಡನೆಯ ದಿನದ ಸಂಜೆ ಸೆಲ್ ಮುಗಿದರೆ ಕಾಡಂಚಿನ ಅಂಗಡಿಯಲ್ಲಿ ಬೇರೆ ಸಿಗುತ್ತದೆಯೇ? ಇವನ್ನು ಕೇಳಿ ಕೊಂಡವರು ಕೊಂಡದ್ದನ್ನು ವರ್ಷಗಟ್ಟಲೆ ಬಳಸಿದ್ದನ್ನು ಕಂಡಿದ್ದೇನೆ. ನನ್ನಲ್ಲಿ ಈ ಪ್ರಶ್ನೆಗಳು ಹುಟ್ಟಿದ್ದು ಅಂಗಡಿಯಲ್ಲಲ್ಲ, ಕುಮಾರಪರ್ವತದ ದಾರಿಯಲ್ಲಿ.

ಸುಳ್ಯದ ಕಡೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲ. ರಜೆ ಸಿಕ್ಕಿದಾಗ ಹುಡುಗರನ್ನು ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದೆ. ಬೇರೆಯವರ ಮಕ್ಕಳನ್ನು ಕಾಡಿಗೆ ಕರೆದೊಯ್ಯುವವನಿಗೆ ವಾಪಸು ಬರುವ ದಾರಿಯ ಚಿಂತೆ ಹೋಗುವ ದಾರಿಗಿಂತ ದೊಡ್ಡದು. ದಿಕ್ಸೂಚಿ ಇತ್ತು, ಜೊತೆಗೆ ಆ ಕಾಡಿನಲ್ಲೇ ಬೆಳೆದ ಮಲೆಕುಡಿಯ ಹಿರಿಯರೊಬ್ಬರು ಬರುತ್ತಿದ್ದರು. ಆಗಲೇ ಗೆಳೆಯರೊಬ್ಬರ ತಮ್ಮ ಅಮೆರಿಕದಿಂದ ತಂದ ಕೈಜಿಪಿಎಸ್ ಒಂದು ನಮ್ಮ ಕೈಗೆ ಬಂತು. ಹನ್ನೆರಡು ಚಾನೆಲ್‌ನ ರಿಸೀವರು, ಬಣ್ಣವಿಲ್ಲದ ಪುಟ್ಟ ಪರದೆ, ಒಳಗೆ ನಕ್ಷೆ ಇಲ್ಲ. ನಡೆದ ದಾರಿಯನ್ನು ಒಂದು ಗೆರೆಯಾಗಿ ಬರೆದುಕೊಳ್ಳುತ್ತಿತ್ತು. ಆ ಗೆರೆ ಹಿಡಿದು ಹಿಂದಕ್ಕೆ ಬರಬಹುದಿತ್ತು.

ಅಂಥ ಸಾಧನ ನಮ್ಮಂಥವರಿಗೆ ಪ್ರಯೋಜನಕ್ಕೆ ಬರುವಂತಾದದ್ದು 2000ದ ಮೇ ತಿಂಗಳ ಆರಂಭದಲ್ಲಿ. ಅಲ್ಲಿಯವರೆಗೆ ಅಮೆರಿಕ ತನ್ನ ಉಪಗ್ರಹಗಳ ನಾಗರಿಕ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ನೂರು ಮೀಟರಿನಷ್ಟು ಅತ್ತಿತ್ತ ತೋರಿಸುತ್ತಿತ್ತು. ಘಟ್ಟದಲ್ಲಿ ನೂರು ಮೀಟರ್ ಎಂದರೆ ಹಳ್ಳದ ಆಚೆ ದಂಡೆಯೋ ಈಚೆ ದಂಡೆಯೋ ಎಂಬ ವ್ಯತ್ಯಾಸ. ಆ ತಪ್ಪು ಬೆರೆಸುವುದನ್ನು ನಿಲ್ಲಿಸಿದ ಮೇಲೆ ಅದೇ ಹಳೆಯ ರಿಸೀವರುಗಳು ಹತ್ತಿಪ್ಪತ್ತು ಮೀಟರಿನೊಳಗೆ ಜಾಗ ಹೇಳತೊಡಗಿದವು.

ನಮ್ಮ ದೊಡ್ಡಪ್ಪ ಸರ್ವೆ ಕೆಲಸದಲ್ಲಿದ್ದು ನಿವೃತ್ತರಾದವರು. ಸರಪಳಿ ಹಿಡಿದು ಗುಡ್ಡ ಅಳೆದ ಕೈ. ಜಿಪಿಎಸ್ ತೋರಿಸಿದಾಗ ಅವರು ಅದನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಕಬ್ಬಿಣದ ಪೆಟ್ಟಿಗೆಯಿಂದ ಮೈಲಿಗೆ ಒಂದಿಂಚು ಅಳತೆಯ ಹಳೆಯ ನಕ್ಷೆ ತೆಗೆದು ಹಾಸಿದರು. ಅದರಲ್ಲಿ ಗುರುತಾದ ಒಂದು ಗುಡ್ಡದ ನೆತ್ತಿಯ ಅಕ್ಷಾಂಶ ರೇಖಾಂಶ ಬರೆದುಕೊಟ್ಟು, "ಅಲ್ಲಿ ಹೋಗಿ ನಿಂತು ಇದು ಏನು ಹೇಳ್ತದೆ ನೋಡಿ ಬಾ" ಅಂದರು. ಹೋಗಿ ನಿಂತು ನೋಡಿದರೆ ಎರಡಕ್ಕೂ ನೂರಾರು ಅಡಿ ಅಂತರ.

"ಎರಡೂ ಸರಿಯೇ ಮಗಾ. ಈ ನಕ್ಷೆ ಭೂಮಿಗೆ ಒಂದು ಆಕಾರ ಇಟ್ಟುಕೊಂಡಿದೆ, ನಿನ್ನ ಪೆಟ್ಟಿಗೆ ಇನ್ನೊಂದು ಇಟ್ಟುಕೊಂಡಿದೆ."

ಅವರು ಹೇಳಿದ್ದನ್ನು ಮುಂದೆ ಓದಿ ಬಲಪಡಿಸಿಕೊಂಡೆ. ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಬಳಿ ಶುರುಮಾಡಿದ ತ್ರಿಕೋನ ಸರ್ವೆಯ ಅಳತೆಗಳಿಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರದ ಲೆಕ್ಕ ಕಟ್ಟಿದ. ಭಾರತದ ಹಳೆಯ ನಕ್ಷೆಗಳೆಲ್ಲ ನಿಂತಿರುವುದು ಆ ಲೆಕ್ಕದ ಮೇಲೆ. ಜಿಪಿಎಸ್ ನಿಂತಿರುವುದು ಡಬ್ಲ್ಯುಜಿಎಸ್ 84 ಎಂಬ, ಇಡೀ ಭೂಮಿಗೆ ಹೊಂದುವ ಲೆಕ್ಕದ ಮೇಲೆ. ಕಾಗದದ ನಕ್ಷೆಯ ಜೊತೆ ಬಳಸುವವರು ಕೊಳ್ಳುವ ಮೊದಲು ಸಾಧನದಲ್ಲಿ ಈ ಲೆಕ್ಕವನ್ನು, ಅಂದರೆ ಡೇಟಮ್ ಅನ್ನು, ಬದಲಿಸಲು ಬರುತ್ತದೆಯೇ ಎಂದು ನೋಡಬೇಕು. ಒಳ್ಳೆಯ ಕೈಜಿಪಿಎಸ್‌ಗಳಲ್ಲೆಲ್ಲ ಬರುತ್ತದೆ. ಜೊತೆಗೆ ಅಂಕಿ ಬರೆಯುವ ಕ್ರಮವೂ ಒಂದೇ ಇರಬೇಕು. ಒಬ್ಬರು ಡಿಗ್ರಿ, ಮಿನಿಟು, ಸೆಕೆಂಡಿನಲ್ಲಿ ಬರೆದುಕೊಟ್ಟದ್ದನ್ನು ಇನ್ನೊಬ್ಬರು ಮಿನಿಟಿನ ದಶಮಾಂಶವೆಂದು ಓದಿದರೆ ಅರ್ಧ ಕಿಲೋಮೀಟರಿಗೂ ಮೀರಿ ತಪ್ಪಬಹುದು, ಏಕೆಂದರೆ ಅಕ್ಷಾಂಶದ ಒಂದು ಮಿನಿಟು ನೆಲದ ಮೇಲೆ ಸುಮಾರು 1.85 ಕಿಲೋಮೀಟರ್.

ಆ ನಕ್ಷೆ ದೊಡ್ಡಪ್ಪನ ಪೆಟ್ಟಿಗೆಯಲ್ಲಿತ್ತು ಎಂಬುದೇ ನಮ್ಮ ಭಾಗ್ಯ. ಗಡಿ ಮತ್ತು ಕರಾವಳಿಯಿಂದ ಎಂಬತ್ತು ಕಿಲೋಮೀಟರ್ ಒಳಗಿನ ಪ್ರದೇಶದ ದೊಡ್ಡ ಅಳತೆಯ ನಕ್ಷೆಗಳು ಆಗ ಸಾರ್ವಜನಿಕರಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ. ನಮ್ಮ ಘಟ್ಟದ ಬಹುಭಾಗ ಆ ಪಟ್ಟಿಯೊಳಗೇ ಬೀಳುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿ ಬಂದು, ಸಾರ್ವಜನಿಕರಿಗೆಂದೇ ಡಬ್ಲ್ಯುಜಿಎಸ್ 84ರ ಮೇಲೆ ಬೇರೆ ಸರಣಿಯ ನಕ್ಷೆಗಳು ತಯಾರಾಗತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. ತನ್ನ ಊರಿನ ಗುಡ್ಡದ ನಕ್ಷೆ ಅಲ್ಲಿಯ ಮೇಷ್ಟರಿಗೆ ಸಿಗದಂಥ ಕಾಲ ಅಷ್ಟು ದೀರ್ಘವಾಗಿ ನಡೆಯಬಾರದಿತ್ತೆಂದು ನನಗೆ ಈಗಲೂ ಅನಿಸುತ್ತದೆ.

ಮಳೆಗಾಲ ಇನ್ನೂ ಪೂರ್ತಿ ಹಿಂದೆ ಸರಿಯದ ಒಂದು ಅಕ್ಟೋಬರಿನಲ್ಲಿ ಸುಬ್ರಹ್ಮಣ್ಯದಿಂದ ಹೊರಟೆವು. ಗಿರಿಗದ್ದೆಯವರೆಗೆ ಕಾಡು, ಆಮೇಲೆ ಹುಲ್ಲುಗುಡ್ಡ, ಕಲ್ಲುಮಂಟಪ ದಾಟಿ ಶೇಷಪರ್ವತ, ಅಲ್ಲಿಂದ ಒಂದು ದಟ್ಟ ಕಾಡಿಗಿಳಿದು ಮತ್ತೆ ಬಂಡೆ ಹತ್ತಿದರೆ 1712 ಮೀಟರಿನ ಕುಮಾರಪರ್ವತದ ನೆತ್ತಿ. ಹಿರಿಯರು ಹಾಳೆಟೊಪ್ಪಿ ಹಾಕಿಕೊಂಡು ಮುಂದೆ, ನಾನು ಜಿಪಿಎಸ್ ಹಿಡಿದು ಅವರ ಹಿಂದೆ. ಕಲ್ಲುಮಂಟಪ ದಾಟುವ ಹೊತ್ತಿಗೆ ಮಂಜು ಕವಿಯಿತು. ಹತ್ತು ಹೆಜ್ಜೆ ಮುಂದಿದ್ದ ಹುಡುಗ ಕಾಣದಷ್ಟು.

ಕಾಡಿನೊಳಗೆ ಒಮ್ಮೆಯೂ ನಿಲ್ಲದ ಹಿರಿಯರು ಅಲ್ಲಿ ನಿಂತರು. ಹುಲ್ಲಿನ ಮೇಲೆ ಜನ ತುಳಿದ ದಾರಿ, ಕಾಟಿ ತುಳಿದ ದಾರಿ, ಬೆಂಕಿ ಹರಡದಂತೆ ಸವರಿದ ಗೆರೆ, ಎಲ್ಲವೂ ಒಂದೇ ಥರ ಕಾಣುತ್ತಿದ್ದವು.

"ಮರ ಇದ್ದರೆ ಮರ ಹೇಳ್ತದೆ ಮಾಷ್ಟ್ರೇ. ಇಲ್ಲಿ ಹುಲ್ಲು ಮಾತ್ರ ಉಂಟು. ನಿಮ್ಮ ಅದಕ್ಕೂ ಮಂಜು ಅಡ್ಡ ಬರ್ತದಾ?"

ಮಂಜು ಅಡ್ಡ ಬರಲಿಲ್ಲ. ಹಿಂದಿನ ವರ್ಷ ಬಿಸಿಲಿನಲ್ಲಿ ನಡೆದಾಗ ಗುರುತು ಹಾಕಿದ್ದ ಶೇಷಪರ್ವತದ ಬಿಂದು ಪರದೆಯ ಮೇಲಿತ್ತು, ಬಾಣ ಅತ್ತ ತೋರುತ್ತಿತ್ತು. ಅವರು ಬಾಣ ನೋಡಲಿಲ್ಲ. ನಾನು ಕೈ ತೋರಿದ ಕಡೆ ನೆಲ ನೋಡಿ, ನಾಲ್ಕು ಹೆಜ್ಜೆ ನಡೆದು, "ಹೌದು, ಇದೇ" ಅಂದರು. ಹುಲ್ಲುಗುಡ್ಡವನ್ನು ಹಾಗೇ ದಾಟಿದೆವು.

ಶೇಷಪರ್ವತದಿಂದ ಕಾಡಿಗಿಳಿದದ್ದೇ ಸಾಧನ ಸುಮ್ಮನಾಯಿತು. ಉಪಗ್ರಹಗಳ ಪಟ್ಟಿಯಲ್ಲಿ ಒಂದೊಂದೇ ಕಂಬ ಕುಸಿದು, ಸಂಕೇತ ಹುಡುಕುತ್ತಿದ್ದೇನೆಂಬ ಸಾಲು ಬಂತು. ಈಗ ಹಿರಿಯರ ಸರದಿ. ಬುಡ ಸೀಳಿದ ಒಂದು ಮರ, ಬಂಡೆಯ ಸಂದಿನ ಒರತೆ, ಬೆತ್ತದ ಮೆಳೆ, ಹೀಗೆ ಗುರುತಿನಿಂದ ಗುರುತಿಗೆ ಅವರು ತಡವರಿಸದೆ ನಡೆದರು. ಅಂದು ನನಗೆ ಸ್ಪಷ್ಟವಾಯಿತು: ಅವರ ಅರಿವು ಎಲ್ಲಿ ಗಟ್ಟಿಯೋ ಅಲ್ಲಿ ಪೆಟ್ಟಿಗೆ ಸೋಲುತ್ತದೆ, ಅವರು ಎಲ್ಲಿ ನಿಂತರೋ ಅಲ್ಲಿ ಅದು ಗೆಲ್ಲುತ್ತದೆ. ಆದರೆ ಹುಡುಗರನ್ನು ಕರೆದುಕೊಂಡು ಹೋದಲ್ಲೆಲ್ಲ ಅಂಥ ಹಿರಿಯರು ಸಿಗುವುದಿಲ್ಲ. ನಾನು ಕೊಳ್ಳುವ ಸಾಧನ ಕಾಡಿನೊಳಗೂ ಮಾತಾಡಬೇಕು ಎಂದು ತೀರ್ಮಾನಿಸಿದ್ದು ಆ ಇಳಿಜಾರಿನಲ್ಲಿ.

ಕಾಡಿನಲ್ಲಿ ಅದು ಸುಮ್ಮನಾಗುವುದಕ್ಕೆ ಕಾರಣ ಸರಳ. ಉಪಗ್ರಹಗಳಿರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ಅಷ್ಟು ದೂರದಿಂದ ನಮ್ಮ ಕೈಗೆ ಬಂದು ಮುಟ್ಟುವ ಹೊತ್ತಿಗೆ ಸಂಕೇತ ತೀರಾ ಕ್ಷೀಣವಾಗಿರುತ್ತದೆ. ಅದರ ಅಲೆಯುದ್ದ ಸುಮಾರು 19 ಸೆಂಟಿಮೀಟರ್. ಮೋಡ, ಮಂಜು, ಮಳೆಹನಿ ಅದನ್ನು ಹೆಚ್ಚು ತಡೆಯುವುದಿಲ್ಲ. ಆದರೆ ನೀರು ತುಂಬಿದ ದಪ್ಪ ಎಲೆಗಳ ಹೊದಿಕೆ, ಒದ್ದೆ ಮರದ ಕಾಂಡ, ನಮ್ಮದೇ ಮೈ, ಇವು ತಡೆಯುತ್ತವೆ. ಜಾಗ ಗೊತ್ತಾಗಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳು ಕೇಳಿಸಬೇಕು. ಇಕ್ಕಟ್ಟಿನ ಕಣಿವೆಯಲ್ಲಿ ಬರೆಯೇ ಅರ್ಧ ಆಕಾಶವನ್ನು ಮುಚ್ಚಿರುವಾಗ, ಉಳಿದರ್ಧವನ್ನು ಎಲೆ ಮುಚ್ಚಿದರೆ ಆ ನಾಲ್ಕಕ್ಕೂ ಬರಗಾಲ.

ನಾನು ಕೊಳ್ಳಲು ಹೊರಟ ಹೊತ್ತಿಗೆ ಈ ಕೊರತೆ ನೀಗತೊಡಗಿತ್ತು. ಹೆಚ್ಚು ಸೂಕ್ಷ್ಮವಾದ ಚಿಪ್‌ಗಳು ಬಂದಿದ್ದವು. ಗಾರ್ಮಿನ್ ಕಂಪನಿಯ 60ಸಿಎಸ್‌ಎಕ್ಸ್ 2006ರಲ್ಲಿ, ಅದೇ ಕಂಪನಿಯ ಇ-ಟ್ರೆಕ್ಸ್‌ನ ಹೆಚ್ಚು ಸೂಕ್ಷ್ಮತೆಯ ಮಾದರಿಗಳು 2007ರಲ್ಲಿ ಬಂದವು. ಬೆಂಗಳೂರಿನ ಗೆಳೆಯರೊಬ್ಬರ ಮನೆಯಲ್ಲಿ ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಹೊತ್ತು ಕಳೆದೆ. ಮೊದಲನೆಯದರ ನೆತ್ತಿಯಲ್ಲಿ ಮೂಗಿನಂತೆ ಚಾಚಿದ ಆಂಟೆನಾ; ಒಳಗೆ ಸುರುಳಿ. ನೆಟ್ಟಗೆ ಹಿಡಿದರೆ ಚೆನ್ನಾಗಿ ಕೇಳುತ್ತದೆ, ಚೀಲದ ಭುಜಪಟ್ಟಿಗೆ ಸಿಕ್ಕಿಸಿ ನಡೆಯಬಹುದು. ಇ-ಟ್ರೆಕ್ಸ್‌ನೊಳಗಿನದು ಚಪ್ಪಟೆ ಬಿಲ್ಲೆ. ಮುಖ ಆಕಾಶಕ್ಕೆ ಮಾಡಿ ಅಂಗೈಯಲ್ಲಿ ಹಿಡಿದರೆ ಅದಕ್ಕೆ ಒಳ್ಳೆಯದು. ಚೊಕ್ಕವಾಗಿದೆ, ಹಗುರ, ಬೆಲೆಯೂ ಕಡಿಮೆ. ಆದರೆ ಇಂಬಳ ಕೀಳುವುದಕ್ಕೆ, ಬೇರು ಹಿಡಿದು ಹತ್ತುವುದಕ್ಕೆ, ಹುಡುಗನಿಗೆ ಕೈ ಕೊಡುವುದಕ್ಕೆ ನನ್ನ ಕೈ ಖಾಲಿ ಇರಬೇಕು. ಭುಜದ ಮೇಲೆ ನೆಟ್ಟಗೆ ಕೂರುವುದನ್ನೇ ಆರಿಸಿದೆ. ಬಯಲುಸೀಮೆಯ ಬಂಡೆಗುಡ್ಡಗಳಲ್ಲಿ, ರಾಮನಗರದ ಕಡೆಯೋ ಮಧುಗಿರಿಯ ಕಡೆಯೋ ನಡೆಯುವವನಾಗಿದ್ದರೆ ಚಿಕ್ಕದನ್ನೇ ಕೊಳ್ಳುತ್ತಿದ್ದೆ. ಅಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ.

ಅದೇ ಕಾಡಿನಲ್ಲಿ ಮತ್ತೆ ನಡೆದೆ. ಶೇಷಪರ್ವತದ ಆಚೆಯ ಇಳಿಜಾರಿನಲ್ಲಿ ಸಂಕೇತ ಕಡಿಯಲಿಲ್ಲ. ಆದರೆ ಮನೆಗೆ ಬಂದು ನೋಡಿದಾಗ ಗೆರೆ ಅಲ್ಲಲ್ಲಿ ಸೊಟ್ಟಗೆ ಜಿಗಿದಿತ್ತು. ಸೂಕ್ಷ್ಮ ಚಿಪ್ ನೇರ ಬಂದ ಸಂಕೇತವನ್ನಷ್ಟೇ ಅಲ್ಲ, ಬಂಡೆಗೆ ಬಡಿದು ತಡವಾಗಿ ಬಂದದ್ದನ್ನೂ ಕೇಳಿಸಿಕೊಳ್ಳುತ್ತದೆ. ತಡವನ್ನು ದೂರವೆಂದು ಲೆಕ್ಕ ಹಾಕುತ್ತದೆ. ಕಾಡಿನಲ್ಲಿ ನಡೆಯುವವರು ಇದನ್ನು ಒಪ್ಪಿಕೊಂಡೇ ಬಳಸಬೇಕು. ಹತ್ತು ಮೀಟರ್ ಆಚೀಚೆ ಹೇಳುವ ಸಾಧನ, ಏನೂ ಹೇಳದ ಸಾಧನಕ್ಕಿಂತ ಎಷ್ಟೋ ಮೇಲು.

ಎತ್ತರದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಉಪಗ್ರಹದಿಂದ ಸಿಗುವ ಎತ್ತರದಲ್ಲಿ ತಪ್ಪು ಹೆಚ್ಚು. ಗಾಳಿಯ ಒತ್ತಡ ಅಳೆಯುವ ಬಾರೋಮೀಟರ್ ಇರುವ ಮಾದರಿಗಳಲ್ಲಿ, ಹೊರಡುವ ಜಾಗದ ಎತ್ತರ ಕೊಟ್ಟರೆ ಮುಂದಿನದನ್ನು ಚೆನ್ನಾಗಿ ಹಿಂಬಾಲಿಸುತ್ತದೆ. ಕಣಿವೆಯಲ್ಲಿ ದಾರಿ ತಪ್ಪಿದಾಗ "ಒರತೆ ಇದಕ್ಕಿಂತ ಮೇಲೋ ಕೆಳಗೋ" ಎಂದು ತಿಳಿದರೆ ಅರ್ಧ ಉತ್ತರ ಸಿಕ್ಕಿದಂತೆ. ಎಲೆಕ್ಟ್ರಾನಿಕ್ ದಿಕ್ಸೂಚಿಯೂ ಹಾಗೆಯೇ. ಅದಿಲ್ಲದ ಮಾದರಿ ನಡೆಯುತ್ತಿದ್ದರೆ ಮಾತ್ರ ದಿಕ್ಕು ಹೇಳುತ್ತದೆ. ನಿಂತು ಯೋಚಿಸುವಾಗ, ಅಂದರೆ ನಿಜವಾಗಿ ದಿಕ್ಕು ಬೇಕಾದಾಗ, ಹೇಳುವುದಿಲ್ಲ. ಸ್ವಲ್ಪ ಹೆಚ್ಚು ಕೊಟ್ಟು ಇವೆರಡೂ ಇರುವುದನ್ನು ಕೊಳ್ಳಿ ಎಂದು ಯಾರಿಗಾದರೂ ಸಂಕೋಚವಿಲ್ಲದೆ ಹೇಳುತ್ತೇನೆ.

ಸೆಲ್ಲಿನ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಪೆನ್ಸಿಲ್ ಸೆಲ್ ಹಾಕುವ ಸಾಧನವೇ ಆಗಬೇಕು. ರೀಚಾರ್ಜ್ ಆಗುವ ಸೆಲ್‌ಗಳನ್ನು ಒಯ್ಯುತ್ತೇನೆ, ಆದರೆ ಅವು ಮುಗಿದರೆ ಘಟ್ಟದ ಬುಡದ ಯಾವ ಗೂಡಂಗಡಿಯಲ್ಲೂ ಎರಡು ಸೆಲ್ ಸಿಗುತ್ತವೆ. ಅಲ್ಲಿ ಸಿಗುವ ಅಗ್ಗದ ಸೆಲ್ ಬೇಗ ಸೋರಿಹೋಗುತ್ತದೆ, ನಿಜ. ಒಂದು ಸಂಜೆಯ ದಾರಿಗೆ ಅಷ್ಟು ಸಾಕು. ಈಚೆಗೆ ಬಂದ ಗಾರ್ಮಿನ್ 67ರಂಥವುಗಳಲ್ಲಿ ಬ್ಯಾಟರಿ ಒಳಗೇ ಇದೆ. ಒಂದು ಸಲ ತುಂಬಿದರೆ 180 ಗಂಟೆಯವರೆಗೆ ಬರುತ್ತದೆಂದು ಕಂಪನಿಯ ವಿವರಪಟ್ಟಿ ಹೇಳುತ್ತದೆ. ಅದು ದೊಡ್ಡ ಸಾಧನೆಯೇ. ಆದರೂ ಹತ್ತು ವರ್ಷದ ನಂತರ ಆ ಬ್ಯಾಟರಿ ಸೊರಗಿದಾಗ ಏನು ಮಾಡುವುದು ಎಂದು ಯೋಚಿಸುವವನು ನಾನು. ನನ್ನ ಸಾಧನ ಅಷ್ಟು ವರ್ಷ ನಡೆದಿದೆ, ಮಳೆಗಾಲದ ತಿಂಗಳುಗಳಲ್ಲಿ ಸೆಲ್ ತೆಗೆದಿಟ್ಟು, ಒಳಗಿನ ತಗಡು ಕಿಲುಬು ಹಿಡಿಯದಂತೆ ಒರೆಸಿಟ್ಟದ್ದರಿಂದ.

ನಕ್ಷೆ ತುಂಬಿಕೊಳ್ಳುವ ಸೌಕರ್ಯ ಬಂದ ಮೇಲೆ ಇನ್ನೊಂದು ಕೆಲಸ ಶುರುವಾಯಿತು. ಕಂಪನಿಯ ಮೂಲ ನಕ್ಷೆಯಲ್ಲಿ ನಮ್ಮ ಘಟ್ಟ ಬಹುತೇಕ ಖಾಲಿ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಜನರೇ ದಾರಿ ಬರೆದು ಸೇರಿಸುತ್ತಾರೆ. ಅದನ್ನು ಕೈಜಿಪಿಎಸ್‌ಗೆ ಹೊಂದುವಂತೆ ಮಾಡಿಕೊಂಡು ಮೆಮರಿ ಕಾರ್ಡಿಗೆ ಹಾಕಬಹುದು. ಆದ್ದರಿಂದ ಕಾರ್ಡು ಹಾಕುವ ಜಾಗವಿಲ್ಲದ, ಹೊರಗಿನ ನಕ್ಷೆ ಒಪ್ಪದ ಸಾಧನವನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಿರಿಯರ ಜೊತೆ ನಡೆದಾಗಲೆಲ್ಲ ಅವರು ನಿಂತಲ್ಲಿ ನಾನೂ ನಿಂತು ಗುರುತು ಹಾಕತೊಡಗಿದೆ. ಬೇಸಗೆಯಲ್ಲೂ ಬತ್ತದ ಒರತೆ, ಮಳೆಯಲ್ಲಿ ದಾಟಬಾರದ ತೋಡು, ಮೊದಲು ಮನೆಗಳಿದ್ದು ಈಗ ಹಲಸಿನ ಮರ ಮಾತ್ರ ಉಳಿದ ಜಾಗ. ಅವರು ಹೆಸರು ಹೇಳುತ್ತಿದ್ದರು, ನಾನು ಗುಂಡಿ ಒತ್ತಿ ಒತ್ತಿ ಒಂದೊಂದೇ ಅಕ್ಷರ ತುಂಬುತ್ತಿದ್ದೆ. ಸಾಧನದಲ್ಲಿ ಕನ್ನಡ ಲಿಪಿ ಇಲ್ಲದ್ದರಿಂದ ಪಕ್ಕದಲ್ಲೇ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದೆ.

"ಎಲ್ಲ ಬರೀಬೇಡಿ ಮಾಷ್ಟ್ರೇ," ಅಂದರು ಒಮ್ಮೆ, ಜೇನು ಕಟ್ಟುವ ಒಂದು ಬಂಡೆಯ ಬಳಿ. "ಇದು ಗೊತ್ತಾದರೆ ಬಂದು ಹಾಳು ಮಾಡ್ತಾರೆ."

ಆ ಗುರುತನ್ನು ಅಲ್ಲೇ ಅಳಿಸಿದೆ. ಅಂದಿನಿಂದ ಯಾವುದನ್ನು ಜನರ ನಕ್ಷೆಗೆ ಕೊಡಬೇಕು, ಯಾವುದು ನಮ್ಮಲ್ಲೇ ಉಳಿಯಬೇಕು ಎಂದು ಅವರನ್ನು ಕೇಳಿಯೇ ತೀರ್ಮಾನಿಸುತ್ತಿದ್ದೆ. ಒರತೆ ಕೊಟ್ಟೆವು, ಅಪಾಯದ ತೋಡು ಕೊಟ್ಟೆವು. ಜೇನು, ಗುಹೆ, ಪ್ರಾಣಿಗಳು ನೀರು ಕುಡಿಯುವ ಗುಂಡಿ ಕೊಡಲಿಲ್ಲ. ದಾರಿ ಕಾಪಾಡುವ ಸಾಧನವೇ ಕಾಡನ್ನು ಬಯಲಿಗಿಡುವ ಸಾಧನವೂ ಆಗಬಲ್ಲದು. ಗುಡ್ಡಗಳ ಮೇಲೆ ಇಂದು ಸೇರುವ ಜನಸಂದಣಿ ನೋಡಿದರೆ ಅವರ ಆತಂಕ ಎಷ್ಟು ದೂರ ಕಂಡಿತ್ತೆಂದು ತಿಳಿಯುತ್ತದೆ.

ಈಚೆಗೆ ಅಣ್ಣನ ಮಗಳು ಫೋನ್ ಮಾಡಿದಳು. ಅರಣ್ಯಶಾಸ್ತ್ರ ಓದುತ್ತಿದ್ದಾಳೆ, ಕಾಡಿನಲ್ಲಿ ಮರಗಳ ಲೆಕ್ಕ ತೆಗೆಯಬೇಕು.

"ಚಿಕ್ಕಪ್ಪಾ, ಫೋನಲ್ಲೇ ಜಿಪಿಎಸ್ ಇದೆ. ಬೇರೆ ಯಾಕೆ ಕೊಳ್ಳಬೇಕು ಅಂತಾರೆ ನನ್ನ ಜೊತೆಯವರು."

ಪ್ರಶ್ನೆ ನ್ಯಾಯವಾದದ್ದೇ. ಇಂದಿನ ಒಳ್ಳೆಯ ಫೋನು ಎರಡು ತರಂಗಾಂತರದಲ್ಲಿ ಕೇಳುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ ಮೊದಲೇ ಇಳಿಸಿಟ್ಟ ನಕ್ಷೆಯಲ್ಲಿ ಜಾಗ ತೋರಿಸುತ್ತದೆ. ಒಣ ದಿನದ ನಡಿಗೆಗೆ ಅಷ್ಟು ಸಾಕು. ಆದರೆ ಮಳೆಹನಿ ಬಿದ್ದ ಗಾಜು ಬೆರಳಿನ ಮಾತು ಕೇಳುವುದಿಲ್ಲ. ಪರದೆ ಬಿಸಿಲಿನಲ್ಲಿ ಮಂಕಾಗುತ್ತದೆ. ಕೈಜಿಪಿಎಸ್‌ನ ಪರದೆಯಾದರೋ ಬಿಸಿಲು ಬಿದ್ದಷ್ಟೂ ಸ್ಪಷ್ಟ. ಎಲ್ಲಕ್ಕಿಂತ ಮುಖ್ಯ, ಕಾಲು ಉಳುಕಿದವರಿಗೆ ಸಹಾಯ ಕರೆಯಲು ಬೇಕಾಗುವುದೂ ಅದೇ ಫೋನು. ದಾರಿ ನೋಡಿ ನೋಡಿ ಅದರ ಜೀವ ಹೀರಬಾರದು. ಫೋನು ಆರಿಸಿಟ್ಟು, ಒದ್ದೆಯಾಗದಂತೆ ಚೀಲದೊಳಗೆ ಇರಲಿ. ದಾರಿಯ ಕೆಲಸಕ್ಕೆ ಬೇರೆ ಸಾಧನ ಇರಲಿ ಎಂದೆ.

ಉಪಗ್ರಹದ ಮೂಲಕ ಸಂದೇಶ ಕಳಿಸುವ ಮಾದರಿಯನ್ನು ಅವಳು ನೋಡಿಟ್ಟಿದ್ದಳು. ಅಪಾಯದಲ್ಲಿ ಒಂದು ಗುಂಡಿ ಒತ್ತಿದರೆ ಸಾಕೆಂಬುದು ಆಕರ್ಷಕವೇ. ಅದನ್ನು ಬೇಡವೆಂದೆ, ಖಡಾಖಂಡಿತವಾಗಿ. ಇರಿಡಿಯಂ, ಥುರಾಯಾದಂಥ ಉಪಗ್ರಹಗಳ ಮೂಲಕ ಮಾತಾಡುವ ಫೋನು, ಸಂದೇಶ ಕಳಿಸುವ ಸಾಧನಗಳನ್ನು ಸರ್ಕಾರದ ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವುದು ಕಾನೂನುಬಾಹಿರ. ವಿಮಾನನಿಲ್ದಾಣಗಳಲ್ಲಿ ವಿದೇಶಿ ಚಾರಣಿಗರು ಇದರಿಂದಾಗಿಯೇ ಸಿಕ್ಕಿಬಿದ್ದಿದ್ದಾರೆ. ಬರೀ ಕೇಳಿಸಿಕೊಳ್ಳುವ, ಏನನ್ನೂ ಕಳಿಸದ ಜಿಪಿಎಸ್‌ಗೆ ಈ ತೊಡಕಿಲ್ಲ. ಹೊರದೇಶದಿಂದ ನೆಂಟರ ಕೈಯಲ್ಲಿ ತರಿಸುವವರು ಮಾದರಿಯ ಹೆಸರಿನ ಕೊನೆಯ ಅಕ್ಷರವನ್ನೂ ಬಿಡದೆ ಓದಬೇಕು. ಗಾರ್ಮಿನ್‌ನ 66 ಮತ್ತು 67ರ ಸರಣಿಗಳಲ್ಲಿ "ಐ" ಸೇರಿದರೆ ಅದು ಸಂದೇಶ ಕಳಿಸುವ ಸಾಧನ.

ಕೊನೆಗೆ ಅವಳು ಆರಿಸಿದ್ದು ಗಾರ್ಮಿನ್‌ನ 65 ಸರಣಿಯದು. ಗುಂಡಿಗಳಿವೆ, ಎರಡು ಪೆನ್ಸಿಲ್ ಸೆಲ್, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವ ಕವಚ. ಎರಡು ತರಂಗಾಂತರದಲ್ಲಿ ಕೇಳುವುದರಿಂದ ಬಂಡೆಗೆ ಬಡಿದು ಬಂದ ಸಂಕೇತವನ್ನು ಹಿಂದಿನವುಗಳಿಗಿಂತ ಚೆನ್ನಾಗಿ ಬೇರ್ಪಡಿಸುತ್ತದೆ. ಮರ ಎಣಿಸುವವಳಿಗೆ ಅದು ಬೇಕೇ ಬೇಕು. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ನಮ್ಮ ನಾವಿಕ್, ಎಲ್ಲ ಕೇಳುತ್ತದೆ. ಅವಳು ಬಂದಾಗ ನನ್ನ ಹಳೆಯ ಗೆರೆಗಳನ್ನೂ ನೋಟ್‌ಬುಕ್ಕನ್ನೂ ಕೊಟ್ಟೆ, ಕೊಡಬಾರದೆಂದು ಹಿರಿಯರು ಹೇಳಿದವನ್ನು ಬಿಟ್ಟು.

ಪಟ್ಟಿಯಲ್ಲಿ ನಾವಿಕ್ ಹೆಸರು ಕಂಡಾಗ ನನಗಾದ ಸಂತೋಷ ಅವಳಿಗೆ ಪೂರ್ತಿ ಅರ್ಥವಾಗಲಿಕ್ಕಿಲ್ಲ. ಬೇರೆ ದೇಶವೊಂದು ಬೇಕೆಂದೇ ತಪ್ಪು ಬೆರೆಸಿ ಕೊಡುತ್ತಿದ್ದ ಸಂಕೇತ ನಮ್ಮ ನೆನಪಿನಲ್ಲಿದೆ. 2013ರ ಜುಲೈನಲ್ಲಿ ಇಸ್ರೋ ಈ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿಸಿತು. ಇದರ ಉಪಗ್ರಹಗಳನ್ನು ಹಾಸನದಿಂದ ನಿಯಂತ್ರಿಸುತ್ತಾರೆ, ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ವ್ಯವಸ್ಥೆಯ ಕೇಂದ್ರವಿದೆ. ಮೊದಲ ಉಪಗ್ರಹಗಳು ಸಾಮಾನ್ಯ ಕೈಸಾಧನಗಳು ಕೇಳದ ತರಂಗಾಂತರಗಳಲ್ಲಿ ಮಾತಾಡುತ್ತಿದ್ದವು. 2023ರ ಮೇ ತಿಂಗಳಲ್ಲಿ ಹೋದ ಎನ್‌ವಿಎಸ್-01, ಅಗ್ಗದ ರಿಸೀವರುಗಳೂ ಕೇಳಬಲ್ಲ ಎಲ್1 ತರಂಗಾಂತರವನ್ನು ಸೇರಿಸಿಕೊಂಡಿತು. ಹಾಗಾದರೆ ಇಲ್ಲಿಯ ಎಂಜಿನಿಯರುಗಳು ಇಲ್ಲಿಯ ಕಾಡಿಗೆಂದೇ ಒಂದು ಕೈಸಾಧನ ಮಾಡಲು ಈಗ ಅಡ್ಡಿ ಏನು? ಎರಡು ಪೆನ್ಸಿಲ್ ಸೆಲ್ ಹಾಕುವಂಥದ್ದು, ಕೈಗವಸಿನಲ್ಲೂ ಒತ್ತಬಹುದಾದ ಗುಂಡಿಗಳಿರುವಂಥದ್ದು, ಅರಣ್ಯ ಇಲಾಖೆಯ ಗಾರ್ಡುಗಳ ಕೈಗೆಟುಕುವ ಬೆಲೆಯದ್ದು, ಒರತೆಯ ಹೆಸರನ್ನು ಕನ್ನಡದಲ್ಲೇ ಬರೆದುಕೊಳ್ಳುವಂಥದ್ದು. ಅಂಥದ್ದೊಂದು ಅಂಗಡಿಗೆ ಬಂದ ದಿನ ನಾನು ಕರಾರುವಾಕ್ಕಿನ ಅಂಕಿ ಕೇಳದೆ ಕೊಳ್ಳುತ್ತೇನೆ, ಮತ್ತು ನನ್ನ ನೋಟ್‌ಬುಕ್ಕಿನ ಹೆಸರುಗಳನ್ನು ಒಂದೊಂದಾಗಿ ಅದಕ್ಕೆ ತುಂಬುತ್ತೇನೆ.